ಬಷೀರಣ್ಣ ಕಾರ್ಡು ತೆಗೆಯಲಿಲ್ಲ ಯಾಕೆ?

ಗುಂಡ್ಲುಪೇಟೆಯಲ್ಲಿ ಹತ್ತಿ ಎಕ್ಕಿ ಅರಳಿಸಿ ಹಾಸಿಗೆ ಹೊಲಿಯುವ ಬಷೀರ್ ಅಹಮದರಿಗೆ ಎರಡು ವರ್ಷದಿಂದ ಉಬ್ಬಸ. ಊರಿಗೆಲ್ಲ ಮೆತ್ತನೆ ಹಾಸಿಗೆ ಮಾಡಿಕೊಟ್ಟವರು ತಾವು ಮಾತ್ರ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಪಕ್ಕದ ಮನೆಯ ಮಲ್ಲಿಗಮ್ಮ ಆರೋಗ್ಯ ಕಾರ್ಯಕರ್ತೆ. ಕೇಳದೆ ಬಿಡುವ ಹೆಂಗಸಲ್ಲ. ಅವಳಿಗೆ ಒಂದು ವಿಷಯ ತಲೆ ಕೊರೆಯುತ್ತಿತ್ತು. ಈ ಮನೆಯಲ್ಲಿ ಬಿಪಿಎಲ್ ಕಾರ್ಡಿದೆ. ತೋರಿಸಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಶುಲ್ಕ ಕಟ್ಟಬೇಕಿಲ್ಲ. ಆದರೂ ಈ ಮನುಷ್ಯ ಪ್ರತಿ ಸಲ ದುಡ್ಡು ಕಟ್ಟಿ ಬರುತ್ತಾರಲ್ಲ, ಯಾಕೆ?

ಒಂದು ಬೆಳಿಗ್ಗೆ ಬಂದು ಕೇಳಿಯೇಬಿಟ್ಟಳು. “ಬಷೀರಣ್ಣ, ಆಸ್ಪತ್ರೆಗೆ ಕಾರ್ಡು ಯಾಕೆ ತಕೊಂಡೋಗಕಿಲ್ಲ?”

“ಅದು ಅಕ್ಕಿ, ಸೀಮೆಎಣ್ಣೆಗೆ ಕಣಮ್ಮ.”

“ಆಸ್ಪತ್ರೆಗೂ ಆಯ್ತದೆ ಅಂತ ಓದ್ಸಲನೇ ಏಳಿದ್ನಲ್ಲ. ಮರ್ತೋಯ್ತಾ?”

ಮರೆತಿರಲಿಲ್ಲ. ಬಷೀರ್ ಹತ್ತಿಯ ಕಡೆ ಮುಖ ತಿರುಗಿಸಿದರು. ಉತ್ತರ ಕೊಟ್ಟವಳು ಹೆಂಡತಿ ಆಮಿನಾ. “ಕಾರ್ಡು ಜೇಬಲ್ಲೇ ಇರ್ತದೆ ಮಲ್ಲಿಗಮ್ಮ. ಇಸ್ತ್ರಿ ಅಂಗಿ ಆಕೊಂಡು ಓಯ್ತಾರೆ, ಕಾರ್ಡು ಮಾತ್ರ ಈಚೆಗೆ ತೆಗೆಯಕಿಲ್ಲ.”

“ಆಸ್ಪತ್ರೆ ಸಾಲಲ್ಲಿ ನಿಂತೋರೆಲ್ಲ ನನ್ನ ಗಿರಾಕಿಗಳು,” ಅಂದರು ಬಷೀರ್. “ಅವರ ಮುಂದೆ ನಾನು ಬಡವ ಅಂತ ಕಾರ್ಡು ಇಡ್ಕೊಂಡು ನಿಂತ್ಕೊಳ್ಳಾ?”

ಮಲ್ಲಿಗಮ್ಮನಿಗೆ ನಗು ಬಂತು, ಸಿಟ್ಟೂ ಬಂತು. “ಇದು ಭಿಕ್ಷೆ ಅಲ್ಲ ಕಣಣ್ಣ. ಒಂದು ಸೋಪು ತಕೊಂಡ್ರೂ ನೀನು ತೆರಿಗೆ ಕಟ್ಟಿದ್ದೀಯ. ಅದೇ ದುಡ್ಡು ತಿರುಗಿ ಬರೋದು. ಆಸ್ಪತ್ರೇಲಿ ಔಸ್ದಿ ಇಲ್ದಿದ್ರೆ ಆಸ್ಪತ್ರೆ ನೋಡ್ಕೊಳ್ಳೋ ಆರೋಗ್ಯ ರಕ್ಷಾ ಸಮಿತಿಯಿಂದ ಸಿಕ್ತದಾ ಅಂತ ಡಾಕ್ಟ್ರನ್ನೇ ಕೇಳು.”

“ಆಮೇಲೆ ನೋಡನ ಬುಡು.”

“ಆಮೇಲೆ ಅಂದ್ರೆ ಯಾವಾಗ?” ಅಂದಳು ಆಮಿನಾ. “ಉಬ್ಬಸದ ಔಸ್ದಿ ಪಂಪು ದಿನಾ ಎಳೀಬೇಕು ಅಂದವ್ರೆ ಡಾಕ್ಟ್ರು. ನೀವು ದುಡ್ಡು ಉಳಿಸಕ್ಕೆ ಅಂತ ದಿನ ಬಿಟ್ಟು ದಿನ ಎಳೀತೀರಿ. ಮೊನ್ನೆ ಹತ್ತಿ ಎಕ್ತಾ ಎಕ್ತಾ ಕುಸಿದು ಬಿದ್ರಿ. ನೀವೇ ಇಲ್ದಿದ್ರೆ ಆ ಮರ್ಯಾದೆ ಇಟ್ಕೊಂಡು ನಾನೇನು ಮಾಡ್ಲಿ?”

ಪಂಪು ಎಳೆಯದ ದಿನಗಳು ಹೆಂಡತಿಗೆ ಗೊತ್ತು ಎಂದು ಬಷೀರರಿಗೆ ತಿಳಿದೇ ಇರಲಿಲ್ಲ. ಕೈಯಲ್ಲಿದ್ದ ಹತ್ತಿ ಕೆಳಗಿಟ್ಟರು. ಆಮೇಲೆ, “ಸೋಮವಾರ ಓಗನ,” ಅಂದರು.

ಉಸಿರಿನ ಪರೀಕ್ಷೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದು ಡಾಕ್ಟರು ಹಿಂದೆಯೇ ಬರೆದುಕೊಟ್ಟಿದ್ದರು. ಮೂವರೂ ಬಸ್ಸು ಹತ್ತಿದರು. ಅಲ್ಲಿ ಚೀಟಿ ಬರೆಸುವ ಸಾಲಿನಲ್ಲಿ ಬಷೀರರ ಹಿಂದೆಯೇ ಹಳೇ ಗಿರಾಕಿ ಶಾಂತಮಲ್ಲಪ್ಪ ನಿಂತಿದ್ದರು. ಬಷೀರ್ ಜೇಬಿನಿಂದ ಕಾರ್ಡು ತೆಗೆದು ಚಾಚಿದರು. ಗುಮಾಸ್ತರು ಮುಖ ಕೂಡ ನೋಡಲಿಲ್ಲ. ನಂಬರು ಬರೆದುಕೊಂಡು, ಚೀಟಿಗೆ ‘ಶುಲ್ಕವಿಲ್ಲ’ ಎಂದು ಸೀಲು ಒತ್ತಿ, “ಮುಂದಿನವರು ಬನ್ನಿ” ಅಂದರು.

“ಇಷ್ಟೇನಾ?” ಅಂದರು ಬಷೀರ್.

ಇಷ್ಟಕ್ಕಾಗಿ ಎರಡು ವರ್ಷ ಜೀವ ತೇದಿದ್ದರು ಪುಣ್ಯಾತ್ಮ.

ಬಂಧುಗಳೇ, ನಿಮ್ಮ ಮನೆಯಲ್ಲೂ ಉಬ್ಬಸದವರಿದ್ದರೆ ಸರ್ಕಾರಿ ಆಸ್ಪತ್ರೆಗೆ ಬಿಪಿಎಲ್ ಕಾರ್ಡು ಒಯ್ಯಿರಿ. ದುಡ್ಡು ಕಟ್ಟುವ ಮೊದಲೇ ತೋರಿಸಿ. ಏನೇನು ಸಹಾಯ ಸಿಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ಡಾಕ್ಟರು ಹೇಳದೆ ಔಷಧಿ ನಿಲ್ಲಿಸಬೇಡಿ. ಸಾಲಿನಲ್ಲಿ ನಾಚಿಕೆಯಾದರೆ, ಮನೆಯಲ್ಲಿ ನಿಮ್ಮ ದಾರಿ ಕಾಯುವವರ ಮುಖ ನೆನೆಸಿಕೊಂಡು ಕಾರ್ಡು ಹೊರಗೆ ತೆಗೆಯಿರಿ.