ನಾಲ್ಕನೆಯ ದೀಪ

ಗೋಡೆಯ ಇಂಟರ್‌ನೆಟ್ ಡಬ್ಬಿಯ ಮೇಲಿನ ದೀಪಗಳು ಒಂದೊಂದಾಗಿ ಹತ್ತಿದವು. ಕರೆಂಟಿನದು ಮೊದಲು, ಆಮೇಲೆ ಫೈಬರ್ ಎನ್ನುವ ಗಾಜಿನ ತಂತಿಯದು, ಆಮೇಲೆ ವೈಫೈಯದು. ಫೋನಿನ ಚಿತ್ರದ ಕೆಳಗಿದ್ದ ನಾಲ್ಕನೆಯದು ಒಂದು ಸಲ ಮಿಣುಕಿ ಸುಮ್ಮನಾಯಿತು. ವಿನುತಾ ರಿಸೀವರ್ ಎತ್ತಿ ಕಿವಿಗಿಟ್ಟಳು. ಒಳಗೆ ಏನೂ ಇಲ್ಲ.

"ಬಂತಾ?" ಎಂದು ಅತ್ತೆ ಸುಕ್ರಿ ಮಂಚದಿಂದಲೇ ಕೇಳಿದಳು.

"ಇಲ್ಲ ಅತ್ತೆ. ಇನ್ನೊಂದ್ಸಲ ನೋಡ್ತೆ."

ಬೆಳಿಗ್ಗೆಯಿಂದ ಇದು ಎಷ್ಟನೆಯ ಇನ್ನೊಂದು ಸಲವೋ. ಗಂಡ ಮಾದೇವ ಟಿಪ್ಪರ್ ಓಡಿಸಲು ಹೊರಡುವಾಗ, ಅದಕ್ಕೆ ಕೈ ಹಾಕಬೇಡ, ಇರುವ ಇಂಟರ್‌ನೆಟ್ಟೂ ಹೋದೀತು ಎಂದು ಹೇಳಿಯೇ ಹೋಗಿದ್ದ. ಹೋದರೆ ಹೋಗಲಿ ಎಂದು ವಿನುತಾ ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇಂಟರ್‌ನೆಟ್ಟು ಇಲ್ಲದೆ ಕೆಳಗಿನಕೇರಿಯಲ್ಲಿ ಯಾರೂ ಉಪವಾಸ ಬಿದ್ದಿರಲಿಲ್ಲ. ಫೋನು ಇಲ್ಲದೆ ಬೀಳುವ ಹಾಗಾಗಿತ್ತು.

ಕೆಳಗಿನಕೇರಿ ಎಂದರೆ ಅಂಕೋಲಾದಿಂದ ಒಳಗೆ, ಗುಡ್ಡದ ಬುಡದ ತಗ್ಗಿನಲ್ಲಿರುವ ಒಂದಿಷ್ಟು ಮನೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಬೇಕಿದ್ದವರು ಗುಡ್ಡ ಹತ್ತಿ ಗೇರುಮರದ ಬುಡಕ್ಕೆ ಹೋಗಬೇಕು. ಹಾಗಾಗಿ ಸುಕ್ರಿಯ ಮನೆಯ ತಂತಿ ಫೋನೇ ಕೇರಿಗೆಲ್ಲ ಫೋನು. ಗದ್ದೆಯವರು, ತೋಟದವರು, ಗೇರುಬೀಜದವರು, ಯಾರಿಗೆ ಆಳು ಬೇಕಾದರೂ ಆ ನಂಬರಿಗೆ ಮಾಡುತ್ತಿದ್ದರು. ಸುಕ್ರಿ ಮಾತು ಮುಗಿಸಿ ಅಂಗಳದ ತುದಿಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ಒಂದು ಕೂ ಹಾಕುತ್ತಿದ್ದಳು. ಒಂದೊಂದು ಮನೆಯಿಂದ ಒಬ್ಬೊಬ್ಬಳು ತಿರುಗಿ ಕೂ ಎನ್ನುತ್ತಿದ್ದಳು. ಕೂ ಅಂದವಳು ನಾಳೆ ಕೆಲಸಕ್ಕೆ ಬಂದಳು ಎಂದೇ ಲೆಕ್ಕ. ಆಳು ಹೆಚ್ಚಾದರೆ ಯಾರ ಸೊಂಟ ಹಿಡಿದಿದೆ, ಯಾರಿಗೆ ಹೋದ ವಾರ ಕೆಲಸ ಸಿಕ್ಕಿಲ್ಲ ಎಂದೆಲ್ಲ ನೋಡಿ ಸುಕ್ರಿಯೇ ಹಂಚುತ್ತಿದ್ದಳು. ಜಗಳ ಆಗುತ್ತಿರಲಿಲ್ಲ ಎಂದಲ್ಲ. ಆದ ಜಗಳ ಅವರವರಲ್ಲೇ ಮುಗಿಯುತ್ತಿತ್ತು.

ರಸ್ತೆ ಅಗಲ ಮಾಡಲು ಬಂದ ಯಂತ್ರ ನೆಲದೊಳಗಿನ ತಂತಿಯನ್ನು ಕಿತ್ತು ಬಿಸಾಡಿದ ದಿನ ಕೂ ನಿಂತಿತು. ಡಾಂಬರು ರಸ್ತೆಯ ಬದಿಗೆ ಗಿರಿಧರನ ಅಂಗಡಿ. ಅಲ್ಲಿ ಮೊಬೈಲು ಚೆನ್ನಾಗಿ ಸಿಗುತ್ತದೆ. ಆಳು ಬೇಕಾದವರು ಅವನಿಗೆ ಫೋನ್ ಮಾಡತೊಡಗಿದರು. ಆ ಪುಣ್ಯಾತ್ಮ, ಕೆಲಸ ಬೇಕಾದವರೆಲ್ಲ ಬೆಳಿಗ್ಗೆ ಬಂದು ಅಂಗಡಿ ಮುಂದೆ ನಿಲ್ಲಬೇಕು ಎಂದ. ನಿಂತವರಲ್ಲಿ ಬೆರಳು ತೋರಿಸಿ ಆರಿಸುತ್ತಿದ್ದ. ನೀನು ಬಾ, ನೀನು ಬಾ, ನೀನು ಮನೆಗೆ ಹೋಗು. ವಿನುತಾಳಿಗೂ ಒಂದು ದಿನ ಮನೆಗೆ ಹೋಗು ಎಂದ. ಬುತ್ತಿಯ ಡಬ್ಬ ಹಿಡಿದುಕೊಂಡು ಹತ್ತು ಜನರೆದುರು ಬಂದ ದಾರಿಯಲ್ಲೇ ತಿರುಗಿ ನಡೆದದ್ದು ನೆನಪಾದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ. ಫೋನಿನ ಮಾತೆತ್ತಿದರೆ ಗಿರಿಧರ ನಗುತ್ತಿದ್ದ.

"ತಂತಿ ಫೋನು ಸತ್ತು ಯಾವ ಕಾಲಾತು," ಎಂದಿದ್ದ. "ಅದ್ರ ತಿಥಿ ಮಾಡಿ ಮುಗ್ಸೂಕೆ ಹೇಳು ನಿನ್ನತ್ತೆಗೆ."

ಸುಗ್ಗಿ ಮುಗಿದ ಮೇಲೆ ಗಾಜಿನ ತಂತಿ ಬಂತು. ಗೋಡೆಗೆ ಡಬ್ಬಿ ಕೂರಿಸಿದವನು, ಹಳೆಯ ನಂಬರೇ ಇದರಲ್ಲೂ ಬರುತ್ತದೆ, ಹಳೆಯ ಫೋನೇ ಆದೀತು, ಸೆಟ್ಟಿಂಗ್ ಒಂದು ಮಾಡಬೇಕು, ನಾಳೆ ಬರುತ್ತೇನೆ ಎಂದ. ಅವನ ನಾಳೆ ಬರಲೇ ಇಲ್ಲ. ವಿನುತಾ ದಿನಾ ಗುಡ್ಡ ಹತ್ತಿ ಫೋನ್ ಮಾಡಿ ಪೀಡಿಸಿದ ಮೇಲೆ, ನೀವೇ ಹಾಕಿಕೊಳ್ಳಿ ಎಂದು ಸರ್ವರಿನ ಹೆಸರು, ಪಾಸ್‌ವರ್ಡು ವಾಟ್ಸಾಪಿಗೆ ಕಳಿಸಿ ಕೈತೊಳೆದುಕೊಂಡ.

ಇಷ್ಟೇ ಆಗಿದ್ದರೆ ಅವಳು ಸಾವಕಾಶ ಮಾಡುತ್ತಿದ್ದಳೇನೋ. ಆದರೆ ಹರೀಶ ನಾಯಕರ ತೋಟದಲ್ಲಿ ಕರಿ ಇಶಾಡು ಮಾವು ಬಲಿತಿತ್ತು. ಕಾಯಿ ಆರಿಸುವುದು, ಹುಲ್ಲು ಹಾಸಿ ಪೆಟ್ಟಿಗೆ ತುಂಬುವುದು, ಹೊರುವುದು ಎಂದು ಮಳೆ ಬೀಳುವವರೆಗೂ ಕೇರಿಗೆಲ್ಲ ಕೆಲಸ. ಅಂಕೋಲಾ ಪೇಟೆಯಲ್ಲಿ ಸಿಕ್ಕ ನಾಯಕರಿಗೆ ವಿನುತಾ, ತನ್ನ ಮೊಬೈಲಿಗೆ ವಾಟ್ಸಾಪಿನಲ್ಲಿ ಫೋನ್ ಮಾಡಬಹುದು, ವೈಫೈ ಇರುವುದರಿಂದ ಮನೆಯಲ್ಲೇ ಸಿಗುತ್ತದೆ ಎಂದು ಹೇಳಿ ನೋಡಿದಳು. ಅವರು ಕೈ ಆಡಿಸಿಬಿಟ್ಟರು. ಅಪ್ಪನ ಕಾಲದಿಂದ ಆಳಿಗೆ ಅಂತ ಒಂದೇ ನಂಬರು ತನ್ನ ಬಾಯಲ್ಲಿರುವುದು, ರವಿವಾರ ಬೆಳಿಗ್ಗೆ ಅದಕ್ಕೇ ಮಾಡುತ್ತೇನೆ, ರಿಂಗಾದರೆ ಸುಕ್ರಿಯ ಕಡೆಯವರು, ಆಗದಿದ್ದರೆ ಗಿರಿಧರ ಎಂದರು. ಇಂದು ಶನಿವಾರ.

ಡಬ್ಬಿಯ ಬೆನ್ನಿಗೆ ಅಂಟಿಸಿದ ಅಂಕಿಗಳನ್ನು ಮೊಬೈಲಿನಲ್ಲಿ ಹೊಡೆದರೆ ಡಬ್ಬಿಯ ಒಳಗಿನ ಪುಟ ತೆರೆಯುತ್ತದೆ ಎಂಬುದನ್ನು ವಿನುತಾ ಹಿಂದಿ ವಿಡಿಯೋ ನೋಡಿ ಕಲಿತಿದ್ದಳು. ಅಲ್ಲಿ ವಾಯ್ಸ್ ಎಂದಿರುವಲ್ಲಿ ಒತ್ತಬೇಕು. ಮೇಲೆ ಸರ್ವರಿನ ಹೆಸರು, ಅದರ ಕೆಳಗೆ ಯೂಸರ್‌ನೇಮ್, ಅದರ ಕೆಳಗೆ ಪಾಸ್‌ವರ್ಡು. ಯೂಸರ್‌ನೇಮ್ ಎಂದರೆ ಬೇರೇನಲ್ಲ, ಮುಂದಿನ ಸೊನ್ನೆ ಬಿಟ್ಟು ಊರಿನ ಕೋಡ್ ಸೇರಿಸಿದ ಮನೆಯ ನಂಬರು. ಪಾಸ್‌ವರ್ಡನ್ನು ಅವಳು ದೊಡ್ಡಕ್ಷರ ಯಾವುದು, ಸಣ್ಣಕ್ಷರ ಯಾವುದು ಎಂದು ಕಣ್ಣು ನೋಯುವಷ್ಟು ನೋಡಿದಳು. ಸರ್ವರಿನ ಹೆಸರಿನಲ್ಲಿ ಚುಕ್ಕಿ ತಪ್ಪಿದೆಯೇ ಎಂದು ಅಳಿಸಿ ಮತ್ತೆ ಬರೆದಳು. ಫೋನಿನ ವಯರು ಕಿತ್ತು, ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಚುಚ್ಚಿದಳು. ಮನೆಯ ನಂಬರನ್ನು ಮಾತ್ರ ತಿರುಗಿ ನೋಡಲಿಲ್ಲ. ಅದನ್ನು ಯಾರು ನೋಡುತ್ತಾರೆ?

ಮತ್ತೆ ಡಬ್ಬಿ ಆರಿಸಿ ಹಚ್ಚಿದಳು. ಮೂರು ದೀಪ ಹತ್ತಿದವು. ನಾಲ್ಕನೆಯದು ಮಿಣುಕಿ ಸುಮ್ಮನಾಯಿತು.

"ಸಾಕು ಬಿಡೆ ಹೆಣ್ಣೆ," ಎಂದಳು ಸುಕ್ರಿ. ಈ ನಡುವೆ ಬಾವಿಕಟ್ಟೆಯಲ್ಲಿ ಬಿದ್ದು ಮುರಿದ ಅವಳ ಕಾಲು ಸರಿಯಾಗಿ ಕೂಡಿಕೊಂಡಿರಲಿಲ್ಲ. ಕೋಲು ಹಿಡಿದು ಫೋನಿನವರೆಗೆ ಬರುವುದೇ ಹೆಚ್ಚು. "ಕಣ್ಣು ಹಾಳ್ ಮಾಡ್ಕಂತೆ."

"ನಾಳಿಂದ ಅವ್ನ ಅಂಗ್ಡಿ ಮುಂದೆ ನಾ ನಿಂತ್ಕಳೂದಿಲ್ಲ ಅತ್ತೆ. ಯಾರೂ ನಿಂತ್ಕಳೂದು ಬ್ಯಾಡ."

ಸುಕ್ರಿ ಮಂಚದಲ್ಲೇ ಫೋನಿನ ಕಡೆಗೆ ಹೊರಳಿದಳು.

ದೀಪ ಹತ್ತದಿದ್ದರೂ ಹೊರಗಿನ ಕಾಲ್ ಬರಬಹುದೇನೋ ಎಂಬ ಒಂದು ಆಸೆ ಉಳಿದಿತ್ತು. ಮಾಡಿ ನೋಡೋಣ ಎಂದು ವಿನುತಾ ಮೊಬೈಲು ಹಿಡಿದು ಹೊರಟಳು. ರಿಂಗಾದರೆ ಕೂಗಿ ಹೇಳು ಎಂದು ಅತ್ತೆಗೆ ಹೇಳಿದಳು. ಶಿರವಾಡದ ಕಾಲು, ಬಿಸಿಲಲ್ಲಿ ಗುಡ್ಡ ಹತ್ತುವಾಗ ಜೋಪಾನ ಎಂದು ಸುಕ್ರಿ ಹಿಂದಿನಿಂದ ಕುಟುಕಿದಳು. ಕಾರವಾರದ ಬದಿಯ ಶಿರವಾಡ ವಿನುತಾಳ ತವರು. ಮದುವೆಯಾಗಿ ಮಗಳು ಹೈಸ್ಕೂಲಿಗೆ ಹೋಗುವ ಹಾಗಾದರೂ ಅತ್ತೆಯ ಬಾಯಲ್ಲಿ ಅವಳು ಇನ್ನೂ ಶಿರವಾಡದವಳೇ.

ಗೇರುಮರದ ಬುಡದಲ್ಲಿ ಕೂತು ಬೆವರು ಒರೆಸಿಕೊಂಡು, ಮೊಬೈಲಿನಲ್ಲಿ "ಮನೆ" ಎಂದಿದ್ದಲ್ಲಿ ಒತ್ತಿದಳು. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣು ದನಿ ನಯವಾಗಿ ಹೇಳಿತು. ಮುಗಿಯಿತು ಎಂದುಕೊಂಡಳು. ಹಳೆಯ ನಂಬರನ್ನೇ ತೆಗೆದುಹಾಕಿದ್ದಾರೆ, ಸುಳ್ಳು ಹೇಳಿ ಡಬ್ಬಿ ಕೂರಿಸಿದ್ದಾರೆ. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

ಆಮೇಲೆ ಹೊಳೆಯಿತು. "ಮನೆ" ಎಂದು ಬರೆದಿಟ್ಟದ್ದು ಇದಲ್ಲ. ಅದು ಶಿರವಾಡದ್ದು. ಅವ್ವಿ ತೀರಿಕೊಂಡ ವರ್ಷವೇ ಅಣ್ಣ ಆ ಫೋನು ತೆಗೆಸಿದ್ದ. ನಂಬರನ್ನು ಅಳಿಸಲು ಮನಸ್ಸಾಗದೆ ಇವಳು ಹಾಗೇ ಇಟ್ಟುಕೊಂಡಿದ್ದಳು. ಇಲ್ಲಿನದು "ಅತ್ತೆಮನೆ". ಅದನ್ನು ಹುಡುಕಿ ತೆಗೆದಳು. ಸೊನ್ನೆ ಎಂಟು ಮೂರು ಎಂಟು ಎಂಟು ಎಂದು ಶುರುವಾಗುತ್ತಿತ್ತು, ಅಂಕೋಲಾದ ಕೋಡು. "ಮನೆ" ಎಂದಿದ್ದದ್ದು ಸೊನ್ನೆ ಎಂಟು ಮೂರು ಎಂಟು ಎರಡು, ಕಾರವಾರದ್ದು. ಡಬ್ಬಿಯೊಳಗೆ ತಾನು ಹೊಡೆದದ್ದು ಯಾವುದು?

ಇಳಿಯುವಾಗ ಚಪ್ಪಲಿ ಎರಡು ಸಲ ಜಾರಿತು. ಬಂದವಳೇ ಪುಟ ತೆರೆದು ನೋಡಿದಳು. ಅತ್ತೆಮನೆಯ ನಂಬರಿನ ಮುಂದೆ ಕಾರವಾರದ ಕೋಡು ಬೆಳಿಗ್ಗೆಯಿಂದ ಆರಾಮಾಗಿ ಕೂತಿತ್ತು.

ಹೇಳದೆ ತಿದ್ದಿಬಿಡಬಹುದಿತ್ತು. ಅತ್ತೆಗೆ ಓದಲು ಬರುವುದಿಲ್ಲ. ಆದರೂ ವಿನುತಾಳಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

"ಅತ್ತೆ, ತಪ್ಪು ನಂದೇಯ. ನಾ ಶಿರವಾಡದ ಕೋಡ್ ಹಾಕಿ ಕೂತಿದ್ದೆ."

ಬೈಗುಳ ಬರುತ್ತದೆ ಎಂದು ಕಾದಳು. ಸುಕ್ರಿ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕಿಟ್ಟು, ಕೋಲು ಹುಡುಕಿ, ನಿಧಾನಕ್ಕೆ ಬಂದು ಅವಳ ಪಕ್ಕ ಕೂತಳು. ಮದುವೆಯಾದ ಹೊಸತರಲ್ಲಿ ವಿನುತಾ ಸಂಜೆಯಾದರೆ ಇದೇ ಫೋನಿನಿಂದ ಅವ್ವಿಗೆ ಮಾಡುತ್ತಿದ್ದಳು. ಫೋನಿಗೆ ಬೀಗ ಹಾಕಿಡುವ ಮನೆಗಳು ಎಷ್ಟೋ ಇದ್ದವು. ಸುಕ್ರಿ ಹಾಕಲಿಲ್ಲ. ಸೊಸೆ ಫೋನು ಹಿಡಿದಾಗ ದನ ಕಟ್ಟುವ ನೆಪ ಮಾಡಿ ಹೊರಗೆ ಹೋಗುತ್ತಿದ್ದಳು.

"ಬೆರಳಿಗೆ ತವರುಮನೆ ದಾರಿ ಮರ್ತೋಗೂದಿಲ್ಲ," ಎಂದಳು ಈಗ. "ಇರ್ಲಿ. ನಮ್ಮನೇದು ಹಾಕು."

ವಿನುತಾ ಕೋಡಿನ ತುದಿಯಲ್ಲಿದ್ದ ಎರಡು ಎಂಬ ಅಂಕಿ ಅಳಿಸಿ ಎಂಟು ಹಾಕಿದಳು. ಡಬ್ಬಿ ಆರಿಸಿ ಹಚ್ಚಿದಳು. ಕರೆಂಟಿನದು ಹತ್ತಿತು, ಗಾಜಿನ ತಂತಿಯದು ಹತ್ತಿತು, ವೈಫೈಯದು ಹತ್ತಿತು. ನಾಲ್ಕನೆಯದು ಮಿಣುಕಿತು, ಇನ್ನೊಮ್ಮೆ ಮಿಣುಕಿತು, ಆಮೇಲೆ ಹಸಿರಾಗಿ ನಿಂತೇಬಿಟ್ಟಿತು. ರಿಸೀವರ್ ಎತ್ತಿದರೆ ಗುಂಯ್ ಎಂದು ಹಳೆಯ ಸದ್ದು. ಸುಕ್ರಿ ಅದನ್ನು ಇಸಿದುಕೊಂಡು ಕಿವಿಗೊತ್ತಿ ಬಹಳ ಹೊತ್ತು ಕೇಳಿದಳು. ಕೊಟ್ಟರೆ ನಿಂತುಹೋದೀತು ಎಂಬ ಹೆದರಿಕೆಯೋ ಏನೋ, ವಿನುತಾ ಕೈ ಚಾಚಿದರೂ ಕೊಡಲಿಲ್ಲ.

ರವಿವಾರ ಬೆಳಿಗ್ಗೆ ಇಬ್ಬರೂ ಚಹಾ ಕುಡಿದದ್ದು ಫೋನಿನ ಹತ್ತಿರವೇ. ಕರೆಂಟು ಹೋದರೆ ಏನು ಮಾಡುವುದು ಎಂದು ವಿನುತಾಳಿಗೆ ಆಗ ಹೊಳೆಯಿತು. ಹೋಗಲಿಲ್ಲ. ಬಿಸಿಲು ಅಂಗಳದ ತುಳಸಿಯವರೆಗೆ ಬಂದಾಗ ಫೋನು ಹೊಡೆದುಕೊಂಡಿತು. ಒಲೆಯ ಹತ್ತಿರವಿದ್ದ ಬೆಕ್ಕು ಹೆದರಿ ಹೊರಗೆ ಓಡಿತು.

"ಸುಕ್ರಿ ಮನೆ," ಎಂದಳು ಸುಕ್ರಿ, ನಿನ್ನೆಯೂ ಎತ್ತಿದ್ದವಳ ಹಾಗೆ. ಆ ಕಡೆಯಿಂದ ನಾಯಕರು ಹೇಳಿದ್ದನ್ನೆಲ್ಲ ಹೂಂ ಹೂಂ ಎಂದು ಕೇಳಿಕೊಂಡಳು. ಎಷ್ಟು ಆಳು, ಯಾವಾಗಿನಿಂದ, ಮಧ್ಯಾಹ್ನದ ಚಹಾ ಅವರದೋ ನಮ್ಮದೋ ಎಂದು ವಿಚಾರಿಸಿದಳು. ರಿಸೀವರ್ ಇಟ್ಟು ಏಳಲು ಹೋದಳು. ಕಾಲು ಬಿಡಲಿಲ್ಲ. ಬಾಗಿಲಾಚೆಗಿನ ಅಂಗಳವನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು.

"ಕೂ ಹಾಕು ಹೋಗು."

"ನಾನಾ?"

"ಮತ್ಯಾರು?"

ವಿನುತಾ ಅಂಗಳದ ತುದಿಗೆ ಹೋಗಿ ನಿಂತಳು. ಇಷ್ಟು ವರ್ಷ ಈ ಕೂ ಕೇಳಿದ್ದಳೇ ಹೊರತು ಹಾಕಿದವಳಲ್ಲ. ಬಾಯಿಗೆ ಕೈ ಅಡ್ಡ ಹಿಡಿದಳು. ಮೊದಲನೆಯದು ಗಂಟಲಲ್ಲೇ ಒಡೆದುಹೋಯಿತು. ನಾಚಿಕೆಯಾಗಿ ಹಿಂದೆ ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಉಸಿರು ತುಂಬಿಕೊಂಡು ಹೊಟ್ಟೆಯೊಳಗಿಂದ ಉದ್ದಕ್ಕೆ ಇನ್ನೊಂದು ಹಾಕಿದಳು.

ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ತಗ್ಗಿನ ಆಚೆ ತುದಿಯಿಂದ ಒಂದು ಕೂ ಬಂತು. ಅದರ ಹಿಂದೆಯೇ ಬಾವಿಕಟ್ಟೆಯಿಂದ ಇನ್ನೊಂದು, ನೆರೆಯ ಹುಲಿಯಾನ ಮನೆಯ ಹಿತ್ತಿಲಿನಿಂದ ಮತ್ತೊಂದು. ಒಳಗೆ ಫೋನಿನ ಪಕ್ಕ ಕೂತು ಸುಕ್ರಿ ಒಂದೊಂದೇ ಬೆರಳು ಮಡಚತೊಡಗಿದಳು.