ಗಿಣಿ ಅಂಗಿ

ಮುನಿಗಂಗಮ್ಮ ಟ್ರಂಕಿನ ಬೀಗಕ್ಕೆ ಗುಂಡುಕಲ್ಲಿನಿಂದ ಇನ್ನೊಂದು ಏಟು ಹಾಕಿದಳು. ಬೀಗದ ಕೈ ಎಲ್ಲಿದೆಯೆಂದು ಹೇಳಬೇಕಾದ ಓರಗಿತ್ತಿ ಆದಿಲಕ್ಷ್ಮಮ್ಮ ಹೊರಗೆ ಜಗಲಿಯ ಗೋಡೆಗೆ ಒರಗಿದ ಹೆಣವಾಗಿದ್ದಳು. ಬಟ್ಟೆಗೂ ರೇಷನ್ನಿದ್ದ ಕಾಲ. ಹೊಸ ಸೀರೆ ಅಂತ ಇದ್ದರೆ ಇದರಲ್ಲೇ ಇರಬೇಕು.

"ಮುತ್ತೈದೆ ಸಾವು ಕಣಮ್ಮಾ, ಸೀರೆ ಉಡ್ಸಿ ಮಡ್ಲು ತುಂಬ್ಬೇಕು. ಬಿರ್ನೆ ತತ್ತಾ!" ನೆರೆಮನೆಯ ಚಿಕ್ಕಗಂಗಮ್ಮ ಕೂಗಿದಳು.

ಬೀಗ ಕಿತ್ತು ಬಂತು. ಸೀರೆಯ ಅಡಿಯಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಐದು ಬಟ್ಟೆ ಚೂರು, ಅಂಚೆಲ್ಲ ಸುಟ್ಟು ಕರಿ. ಒಂದರಲ್ಲಿ ಹಸಿರು ದಾರದ ಗಿಣಿಯ ತಲೆ. ಮುನಿಗಂಗಮ್ಮನಿಗೆ ಗುರುತು ಹತ್ತಿತು.

* * *

ಹದಿನೇಳು ವರ್ಷದ ಹಿಂದೆ, ಮುನಿಗಂಗಮ್ಮನ ಮಗಳು ಶಾಮಲ ಹುಟ್ಟಿದ ಒಂಬತ್ತನೇ ದಿನ. ಮಕ್ಕಳಿಲ್ಲದ ಆದಿಲಕ್ಷ್ಮಮ್ಮ ಕೋಲಾರದ ಪೇಟೆಯಿಂದ ಚಿತ್ರದ ಕಾಗದ ತರಿಸಿದ್ದಳು. ಅದನ್ನು ಬೋರಲು ಹಾಕಿ ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತಿದರೆ ನೀಲಿ ಗೆರೆಯ ಗಿಣಿ ಬಟ್ಟೆಗಿಳಿಯುತ್ತಿತ್ತು. ಆಮೇಲೆ ಗೆರೆಯ ಮೇಲೆ ದಾರ. ಗೇಣುದ್ದದ ಅಂಗಿ.

"ನೀರು ಹಾಕಿದ್ಮೇಲೆ ತೊಡ್ಸೇ ಗಂಗಾ. ನೋಡಕ್ಕೆ ನಾನ್ ಬರಲ್ಲ ಬಿಡು."

"ಆಗ್ಲಿ ಅಕ್ಕಾ" ಎಂದು ನಕ್ಕು ಈಸಿಕೊಂಡ ಮುನಿಗಂಗಮ್ಮ ಅದನ್ನು ಬಚ್ಚಲೊಲೆಗೆ ತುರುಕಿದಳು. ಬಂಜೆಯ ಆಸೆ ತಗುಲಿದ ಬಟ್ಟೆ ಕೂಸಿಗಾಗದು ಎಂದು ಬಾಣಂತನಕ್ಕೆ ಬಂದಿದ್ದ ತಾಯಿ ಕಿವಿಯೂದಿದ್ದಳು. ಐದು ಹೆರಿಗೆ, ಐದು ಅಂಗಿ, ಅದೇ ಒಲೆ. ದಿನಾ ಬೆಳಗಾಗೆದ್ದು ಆ ಒಲೆಯ ಬೂದಿ ಬಾಚುತ್ತಿದ್ದವಳು ಆದಿಲಕ್ಷ್ಮಮ್ಮನೇ ಎಂಬುದು ಈ ಮಹಾತಾಯಿಗೆ ಹೊಳೆಯಲೇ ಇಲ್ಲ!

* * *

"ಅಮ್ಮಾ, ನನ್ ಗಿಣಿ ಅಂಗಿ ಅದ್ರಾಗೈತಾ?"

ಏಳು ತಿಂಗಳ ಬಸುರಿ ಶಾಮಲ ಹಿಂದೆ ನಿಂತಿದ್ದಳು. ಹೆಣ ನೋಡಬಾರದೆಂದು ಅವಳನ್ನು ಒಳಗೇ ಕೂರಿಸಿದ್ದರು. "ಹರಿದು ಚಿಂದಿ ಆಗೋತನ್ಕ ನಾನ್ ಅದನ್ನೇ ಹಾಕ್ಕೊಂಡಿದ್ನಂತೆ. ಬಿಚ್ಚಿದ್ರೆ ಅಳ್ತಿದ್ನಂತೆ. ದೊಡ್ಡಮ್ಮ ಯಾವಾಗ್ಲೂ ಹೇಳ್ತಿದ್ಲು."

ಎಲ್ಲ ಗೊತ್ತಿದ್ದೂ ಅಕ್ಕ, ಮಗಳ ಮುಂದೆ ಮುನಿಗಂಗಮ್ಮನ ಮಾನ ಕಾಯ್ದಿದ್ದಳು. ಗಂಟನ್ನು ಸೆರಗಿನಡಿ ಮುಚ್ಚಿಕೊಂಡು ಹೊರಗೆ ಓಡಿದಳು. ಅಕ್ಕನ ಜೊತೆಗೇ ಅದೂ ಮಣ್ಣಾದರೆ ಮಗಳಿಗೆ ತಿಳಿಯುವುದಿಲ್ಲ.

ಸೀರೆ ಉಡಿಸಿ ಅಕ್ಕನ ಮಡಿಲಿಗೆ ಅಕ್ಕಿ ಹಾಕುವಾಗ ಚೂರುಗಳನ್ನೂ ಸೇರಿಸಿದಳು. ಚಿಕ್ಕಗಂಗಮ್ಮನ ಕಣ್ಣಿಗೆ ಬಿತ್ತು.

"ಅಯ್ಯೋ ದೇವುಡಾ! ಮುತ್ತೈದೆ ಮಡ್ಲಿಗೆ ಸುಟ್ಟ ಬಟ್ಟೆ ಹಾಕ್ತಾರಾ? ಯಾರ್ದಮ್ಮಾ ಇದು?"

ಸುಳ್ಳು ಹೇಳಲು ಬಾಯಿ ತೆರೆದಳು. ಅಕ್ಕನ ಮುಖ ಅಷ್ಟು ಹತ್ತಿರವಿತ್ತು, ಆಗಲಿಲ್ಲ. "ನನ್ ಮಕ್ಳದು. ಅಕ್ಕ ಹೊಲಿದಿದ್ದು. ಒಂದೂ ತೊಡಿಸ್ಲಿಲ್ಲ. ನಾನೇ ಸುಟ್ಟೆ."

ಅಂಗಳದಲ್ಲಿದ್ದ ಭಾವ, ಆದಿಲಕ್ಷ್ಮಮ್ಮನ ಗಂಡ ಕೋದಂಡರಾಮಪ್ಪ ತಲೆಯೆತ್ತಲಿಲ್ಲ. ಅವನಿಗೂ ಗೊತ್ತಿತ್ತೇನೋ.

ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದ ಶಾಮಲ ಹೊಸ್ತಿಲು ದಾಟಿದಳು. "ಏಯ್, ಬಸ್ರಿ ಬರ್ಬಾರ್ದು!" ಹೆಂಗಸರು ಅರಚಿದರು. ಅವಳು ಹೆಣದೆದುರು ಭಾರವಾಗಿ ಕುಳಿತು, ಅಕ್ಕಿಯಲ್ಲಿ ಕೈಯಾಡಿಸಿ ಒಂದು ಚೂರನ್ನು ಎತ್ತಿಕೊಂಡಳು. ಸತ್ತವರ ಮಡಿಲಿಗೆ ಹಾಕಿದ್ದನ್ನು ಯಾರೂ ವಾಪಸು ತೆಗೆಯುವುದಿಲ್ಲ. ಮುನಿಗಂಗಮ್ಮ ತಡೆಯಲು ಕೈಚಾಚಿದಳು.

ಶಾಮಲ ಆ ಕೈಗೆ ಸಿಗದಂತೆ ಸರಿದಳು. ಚೂರನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿದು ಒಳಗೆ ಹೋಗಿ, ತಾಯಿಯ ಮುಖದೆದುರೇ ಬಾಗಿಲು ಹಾಕಿ ಅಗುಳಿ ಜಡಿದಳು.