ಕೆರೆ ಇಳಿಜಾರಿನ ಮಂಜು

ಕೋಣನಕುಂಟೆಯ ಮೇಲಿನ ಬೀದಿಯಲ್ಲಿ ಶಾಂತವೀರಪ್ಪನವರದು ಸೊಪ್ಪಿನ ಅಂಗಡಿ. ದಿನಾ ಬೆಳಗ್ಗೆ ಆರಕ್ಕೆ ಹೆಂಡತಿ ಕಮಲಾದೇವಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಕೆರೆಯ ಆಚೆಯ ತೋಟಗಳಿಂದ ಸೊಪ್ಪು ತರುತ್ತಿದ್ದರು. ಕಮಲಾದೇವಿ ಆರಿಸದ ಸೊಪ್ಪನ್ನು ಅವರು ಎಂದೂ ಮಾರಿದವರಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಹೊರಡುವಾಗ ಮಹಡಿ ಮನೆಯ ಶಿಲ್ಪಶ್ರೀ ತಡೆದರು. ಅವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮೇಡಂ.

"ಅಂಕಲ್, ಕೆರೆ ಹತ್ರ ಮಂಜು ಇರುತ್ತೆ. ಬಿಸಿಲು ಬಂದ್ಮೇಲೆ ಹೋಗಿ."

"ಎಲ್ಲಮ್ಮಾ ಮಂಜು? ಬೀದಿ ಕೊನೇಲಿರೋ ಬೇವಿನ ಮರ ಕಾಣ್ತಿದೆ. ಮೂವತ್ತು ವರ್ಷದಿಂದ ಇದೇ ದಾರೀಲಿ ಓಡಾಡ್ತಿದೀನಿ."

ಸ್ಕೂಟರ್ ಕೆರೆಯ ಇಳಿಜಾರು ಮುಗಿಸುತ್ತಿದ್ದಂತೆ ದಾರಿಯೇ ಕಾಣದಾಯಿತು. ಶಾಂತವೀರಪ್ಪ ಹೈ ಬೀಮ್ ಹಾಕಿದರು. ಬೆಳಕೆಲ್ಲ ಮಂಜಿಗೆ ಬಡಿದು ಅವರ ಕಣ್ಣಿಗೇ ಹೊಡೆಯಿತು. ಲೈಟಿಲ್ಲದೆ ನಿಂತಿದ್ದ ನೀರಿನ ಟ್ಯಾಂಕರ್ ಕಂಡದ್ದು ತೀರ ಹತ್ತಿರ ಬಂದ ಮೇಲೆ. ಬ್ರೇಕ್ ಹಿಡಿದ ರಭಸಕ್ಕೆ ಇಬ್ಬರೂ ಬಿದ್ದರು.

ಅವರು ಎದ್ದು ನೋಡಿದರೆ ಹೆಂಡತಿ ಕಾಣಲಿಲ್ಲ. "ಕಮಲಾ, ಎಲ್ಲಿದೀಯೆ?" ಎನ್ನುತ್ತಾ ಮಂಜಿನಲ್ಲಿ ತಡಕಾಡಿದರು.

"ಇಲ್ಲೇ ಇದೀನಿ ರೀ," ಎಂಬ ದನಿ ಕೇಳಿದ ಮೇಲೆಯೇ ಅವರಿಗೆ ಉಸಿರು ಬಂದದ್ದು.

ಇಬ್ಬರಿಗೂ ಹೆಲ್ಮೆಟ್ ಇದ್ದದ್ದರಿಂದ ತಲೆಗೆ ಏನೂ ಆಗಿರಲಿಲ್ಲ. ಆದರೆ ಕಮಲಾದೇವಿಯ ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರ್.

ಸಂಜೆ ಶಿಲ್ಪಶ್ರೀ ಬಿಸಿ ಸಾರು ತಂದರು. ಶಾಂತವೀರಪ್ಪ ಅನ್ನ ಕಲಸಿ ಹೆಂಡತಿಗೆ ತುತ್ತು ಕೊಡುತ್ತಾ ಕೇಳಿದರು: "ಮೇಲೆ ಇಲ್ದಿರೋ ಮಂಜು ಕೆಳಗೆ ಹೇಗಮ್ಮಾ ಬಂತು?"

"ರಾತ್ರಿ ನೆಲ ತಣ್ಣಗಾಗುತ್ತೆ, ಅದರ ಮೇಲಿನ ಗಾಳೀನೂ ತಣ್ಣಗಾಗುತ್ತೆ ಅಂಕಲ್. ತಣ್ಣನೆ ಗಾಳಿ ಭಾರ. ಇಳಿಜಾರಲ್ಲಿ ನೀರು ಹರಿದ ಹಾಗೆ ಹರಿದು ತಗ್ಗಲ್ಲಿ ನಿಲ್ಲುತ್ತೆ. ಅದಕ್ಕೆ ಕೆರೆ ತೇವ ಸೇರಿದ್ರೆ ಮಂಜು. ಏರಿ, ಮರ ಎಲ್ಲ ಅಡ್ಡ ಇರೋದ್ರಿಂದ ಗಾಳಿ ಆಡಲ್ಲ, ಮಂಜು ಬೇಗ ಚದುರಲ್ಲ."

"ಸಮುದ್ರದ ಹತ್ರಾನೂ ಹಿಂಗೇನಾ?" ಎಂದರು ಕಮಲಾದೇವಿ.

"ಹೊನ್ನಾವರದಲ್ಲಿ ಪಾಠ ಮಾಡ್ತಿದ್ದಾಗ ನೋಡಿದೀನಿ ಆಂಟಿ. ಚಳಿಗಾಲದ ಬೆಳಗ್ಗೆ ಗುಡ್ಡಗಳ ನಡುವಿನ ಹೊಳೆ ದಂಡೇಲಿ ಮಂಜು ಕೂತಿರೋದು. ಗಾಳಿ ಬೀಸೋ ಸಮುದ್ರದ ದಂಡೇಲಿ ದೋಣಿಗಳು ಚೆನ್ನಾಗಿ ಕಾಣೋವು. ಊರು ಒಂದೇ, ಜಾಗ ಬೇರೆ."

"ಕೇಳೋಕೇನೋ ಚೆನ್ನಾಗಿದೆ," ಎಂದರು ಶಾಂತವೀರಪ್ಪ. ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಆರಕ್ಕೇ ಶಿಲ್ಪಶ್ರೀ ಶಾಂತವೀರಪ್ಪನವರನ್ನು ಕೆರೆಯ ಕಡೆ ನಡೆಸಿಕೊಂಡು ಹೋದರು. ಅರ್ಧ ಇಳಿಜಾರಿಗೆ ಪಾದಗಳಿಗೆ ಚಳಿ ಕೊರೆಯತೊಡಗಿತು. ಇನ್ನಷ್ಟು ಇಳಿದಾಗ ಮೊಣಕಾಲಿನವರೆಗೂ ಚಳಿ ಏರಿತು. ತಿರುಗಿ ನೋಡಿದರೆ ಅವರ ಬೀದಿಯ ಮೇಲೆ ನಿರ್ಮಲ ಆಕಾಶ.

"ಹೌದಮ್ಮಾ, ಕಾಲಿಗೇ ಗೊತ್ತಾಗ್ತಿದೆ," ಎಂದರು. "ನಿನ್ನೆ ನಿನ್ನ ಮಾತು ಕೇಳ್ಬೇಕಿತ್ತು."

ಕೈ ವಾಸಿಯಾದ ಮೇಲೆ ಅಂಗಡಿಯ ಬಾಗಿಲಿಗೆ ಹೊಸ ಬೋರ್ಡು ಬಂತು: ಚಳಿಗಾಲದಲ್ಲಿ ಸೊಪ್ಪು ಒಂಬತ್ತಕ್ಕೆ. ಗಿರಾಕಿಗಳು ಯಾರೂ ಬಿಟ್ಟುಹೋಗಲಿಲ್ಲ.

ಓದುವವರೇ, ನೀವು ಹೋಗುವ ದಾರಿಯಲ್ಲೂ ಕೆರೆ, ಕಾಲುವೆ, ತಗ್ಗು ಇರಬಹುದು. ಮನೆ ಮುಂದೆ ಮಂಜಿಲ್ಲವೆಂದು ಅಲ್ಲೂ ಇಲ್ಲ ಎಂದುಕೊಳ್ಳಬೇಡಿ. ಬಿಸಿಲೇರುವವರೆಗೆ ಕಾಯಿರಿ. ಹೋಗಲೇಬೇಕಾದರೆ ಲೋ ಬೀಮ್ ಹಾಕಿ, ನಿಧಾನವಾಗಿ ಹೋಗಿ, ಮುಂದಿನ ಗಾಡಿಯಿಂದ ದೂರವಿರಿ. ನಿಮ್ಮ ಹೆಗಲು ಹಿಡಿದು ಹಿಂದೆ ಕೂತವರು ನಿಮ್ಮನ್ನೇ ನಂಬಿ ಕೂತಿದ್ದಾರೆ.